ಅಜ್ಜನ ಟ್ರಂಕಿನಲ್ಲಿ ಗಾಂಧೀಜಿಯ ಬೆಳ್ಳಿ ನಾಣ್ಯ ಸಿಕ್ಕಿದೆ, ಸಂಗ್ರಹ ಹೇಗೆ ಶುರು ಮಾಡಲಿ?

ನೀವು ಸೋಮವಾರಪೇಟೆಯವರು, ನಾನು ವಿರಾಜಪೇಟೆಯವನು. ಹಾಗಾಗಿ ನಮ್ಮ ಕೊಡಗಿನ ಮಳೆಯನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಹೇಳುತ್ತೇನೆ.

ನಾಣ್ಯದ ಮೇಲೆ 1948 ಅಂತ ಇದೆ, ಸ್ವಾತಂತ್ರ್ಯ ಬಂದ ಮರುವರ್ಷದ್ದಾ ಅಂತ ಕೇಳಿದ್ದೀರಿ. ಅಲ್ಲ. ಅದು ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ 1969ರಲ್ಲಿ ಬಂದ ಹತ್ತು ರೂಪಾಯಿ. ಅದರಲ್ಲಿ 1869–1948 ಅಂತ ಅವರು ಹುಟ್ಟಿದ, ತೀರಿಕೊಂಡ ವರ್ಷ ಮಾತ್ರ ಇರುತ್ತದೆ. ಅಚ್ಚು ಹಾಕಿದ ವರ್ಷ ಎಲ್ಲೂ ಇಲ್ಲ. ಇದನ್ನೇ ಹಿಡಿದುಕೊಂಡು ‘1948ರ ಅಪರೂಪದ ನಾಣ್ಯ’ ಅಂತ ಮಾರುವವರಿದ್ದಾರೆ, ಹುಷಾರು. ತೂಕ 15 ಗ್ರಾಂ, ಶೇ 80 ಬೆಳ್ಳಿ. ಅಂದರೆ 12 ಗ್ರಾಂ ಅಪ್ಪಟ ಬೆಳ್ಳಿ. ಅಂಥ ಅಪರೂಪವೇನಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯದು ಇಲ್ಲ.

ಇದರ ಜೊತೆಗೆ ಆಮೇಲಿನ ಹತ್ತು ರೂಪಾಯಿಗಳನ್ನು ಜೋಡಿಸುತ್ತಾ ಹೋಗಿ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ್ದು ಬಂತು. ಕೈಗೆ ದೊಡ್ಡದು, 22.5 ಗ್ರಾಂ. ಆದರೆ ಬೆಳ್ಳಿ ಶೇ 50ಕ್ಕೆ ಇಳಿದಿತ್ತು, ಹಾಗಾಗಿ ಲೆಕ್ಕ ಹಾಕಿದರೆ ಗಾಂಧೀಜಿಯದಕ್ಕಿಂತ ಕಡಿಮೆಯೇ. 1974ರ ಹತ್ತು ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ತಾಮ್ರ-ನಿಕ್ಕಲ್. ಆ ವರ್ಷ ಬೆಳ್ಳಿ ಬೇಕಂದರೆ 50 ರೂಪಾಯಿಯದನ್ನೇ ಹುಡುಕಬೇಕು. ಕೊಳ್ಳುವಾಗ ಜೇಬಲ್ಲಿ ಒಂದು ಸಣ್ಣ ತಕ್ಕಡಿ ಇರಲಿ. ಅಂಚನ್ನೂ ನೋಡಿ. ನಮ್ಮ ಕಡೆ ಹಳೇ ನಾಣ್ಯಕ್ಕೆ ಕೊಂಡಿ ಬೆಸೆದು ಸರಕ್ಕೆ ಹಾಕುತ್ತಿದ್ದರಲ್ವಾ, ಆ ಕೊಂಡಿ ತೆಗೆದು ಉಜ್ಜಿದ ಗುರುತು ಅಂಚಿನಲ್ಲಿ ಉಳಿದಿರುತ್ತದೆ. ಅಂಥದ್ದಕ್ಕೆ ಬೆಳ್ಳಿಯ ಬೆಲೆ ಬಿಟ್ಟು ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಇನ್ನು ಮುಖ್ಯ ವಿಷಯ. ದಯವಿಟ್ಟು ತೊಳೆಯಬೇಡಿ. ವಿಭೂತಿ, ಹುಣಸೆಹುಳಿ, ಟೂತ್‌ಪೇಸ್ಟ್, ಅಡುಗೆಗೆ ಹಾಕುವ ನಮ್ಮ ಹಣ್ಣಿನ ಹುಳಿ ಕಾಚಂಪುಳಿ, ಯಾವುದೂ ಬೇಡ. ಪೂಜೆ ತಟ್ಟೆಗೆ ಸರಿ, ನಾಣ್ಯಕ್ಕಲ್ಲ. ಗಾಂಧೀಜಿಯ ಕೆನ್ನೆ ಮೇಲೆ ಸಣ್ಣ ಸಣ್ಣ ಗೀರು ಒಂದೇ ದಿಕ್ಕಿಗೆ ಓಡಿದ್ದರೆ, ಯಾರೋ ತಿಕ್ಕಿದ್ದಾರೆ ಅಂತ ತಿಳಿದವರಿಗೆ ತಕ್ಷಣ ಗೊತ್ತಾಗುತ್ತದೆ, ಬೆಲೆಯೂ ಬೀಳುತ್ತದೆ. ಕಪ್ಪು ಹಿಡಿದಿದ್ದರೆ ಹಾಗೇ ಇರಲಿ, ನನಗಂತೂ ಅದೇ ಚೆಂದ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ. ಮೆತ್ತನೆ ಪಿವಿಸಿ ಆಲ್ಬಮ್‌ನಲ್ಲಿ ಇಟ್ಟರೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸೌದೆ ಒಲೆಯ ಅಟ್ಟದಲ್ಲಂತೂ ಇಡಲೇಬೇಡಿ.

ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವ ಜಾಹೀರಾತು ಸುಳ್ಳು. ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಕೊಡಗಿನದ್ದೇ ಏನಾದರೂ ಇದೆಯಾ ಅಂತಲೂ ಕೇಳಿದ್ದೀರಿ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆ ಅಡಗಿಸಲು ನೆರವಾದವರಿಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕೊಟ್ಟ ಪದಕವಿದೆ, ಚಿನ್ನದಲ್ಲೂ ಬೆಳ್ಳಿಯಲ್ಲೂ. ಒಂದು ಕಡೆ ಕತ್ತಿ ಎತ್ತಿದ ಕೊಡವ ವೀರ, ಸುತ್ತ ಕನ್ನಡ ಅಕ್ಷರ. ಅದು ನಾಣ್ಯವಲ್ಲ, ನಮ್ಮಂಥವರ ಕೈಗೆ ಸುಲಭಕ್ಕೆ ಸಿಗುವುದೂ ಇಲ್ಲ. ಯಾರಾದರೂ ಅಗ್ಗಕ್ಕೆ ಕೊಡ್ತೀನಿ ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ.