ಬೂಷ್ಟು ಹಿಡಿದ ಶೇಂಗಾ ತಿಂದೆ, ಎದೆಹಾಲು ನಿಲ್ಲಿಸಬೇಕಾ?

ವಾರವಿಡೀ ತಿಂದ ಚಟ್ನಿಪುಡಿಯ ಶೇಂಗಾಕ್ಕೆ ಬೂಷ್ಟು ಹಿಡಿದಿತ್ತು, 4 ತಿಂಗಳ ಮಗುವಿಗೆ ಹಾಲು ನಿಲ್ಲಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಪುಡಿಯನ್ನು ಮಾತ್ರ ಎಸೆಯಿರಿ.

ನಿಮ್ಮ ಭಯ ಸುಮ್ನೆ ಅಲ್ಲ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಇರಬಹುದು. ಅದು ತಾಯಿಯ ಲಿವರ್‌ನಲ್ಲಿ ಎಂ1 ಆಗಿ ಬದಲಾಗುತ್ತದೆ. ಅದರಲ್ಲಿ ಸ್ವಲ್ಪ ಹಾಲಿಗೂ ಬರುತ್ತದೆ. ಟಾಂಜಾನಿಯಾದಲ್ಲಿ ಮೆಕ್ಕೆಜೋಳವನ್ನೇ ಹೆಚ್ಚು ತಿನ್ನುವ ತಾಯಂದಿರ ಹಾಲಿನಲ್ಲಿ ಎಂ1 ಸಿಕ್ಕಿದೆ. ಅದು ಜಾಸ್ತಿ ಇದ್ದಲ್ಲಿ ಮಕ್ಕಳ ಬೆಳವಣಿಗೆ ಕಡಿಮೆ ಕಂಡಿದೆ. ಆದರೆ ಇಂಥ ಕಡೆ ಬಡತನ, ಸೋಂಕು, ಊಟದ ಕೊರತೆಯೂ ಜೊತೆಗೇ ಇರುತ್ತವೆ. ವಿಷವೊಂದೇ ಕಾರಣ ಅಂತ ಹೇಳಲಾಗದು. ಅದೂ ತಿಂಗಳುಗಟ್ಟಲೆ ತಿಂದವರ ವಿಷಯ, ನಿಮ್ಮದು ಒಂದು ವಾರ ಅಲ್ವಾ? ತಿನ್ನುವುದು ಬಿಟ್ಟರೆ ಕೆಲವೇ ದಿನಗಳಲ್ಲಿ ಹಾಲಿನಲ್ಲಿ ಎಂ1 ಕಡಿಮೆಯಾಗುತ್ತದೆ.

ಹಸುವಿನ ಹಾಲಿನಲ್ಲೂ ಎಂ1 ಇರಬಹುದು, ಮೇವಿನಿಂದ ಬರುತ್ತದೆ. ಹಾಗಾಗಿ ಅದಕ್ಕೆ ಬದಲಾಯಿಸಿ ಲಾಭವಿಲ್ಲ.

ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ, ನೆನಪಿಡಿ. ಮುರುಟಿದ, ಬಣ್ಣಗೆಟ್ಟ, ಕಹಿ ಬೀಜ ಆರಿಸಿ ಬಿಸಾಡಿ. ಉಳಿದದ್ದನ್ನು ಚೆನ್ನಾಗಿ ಒಣಗಿಸಿಡಿ. ಮಗುವಿನ ತೂಕ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನೋಡಿಸಿ. ತೂಕ ಏರದಿದ್ದರೆ, ಅಥವಾ ನಿಮಗೆ ಕಣ್ಣು ಹಳದಿಯಾದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.