ದೇಹಕ್ಕೆ ಅಗತ್ಯವಾದ ಕಬ್ಬಿಣ, ತಾಮ್ರ, ಸತುವಿನಂಥ ಲೋಹಗಳೇ ಕ್ಯಾನ್ಸರ್‌ಗೂ ಕಾರಣವಾಗಬಹುದೇ?

ಆಗಬಹುದು. ಆದರೆ ಲೋಹ ಎಷ್ಟಿದೆ, ಎಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಬ್ಬಿಣವನ್ನೇ ನೋಡಿ. ವಯಸ್ಕರ ದೇಹದಲ್ಲಿರುವುದು ಸುಮಾರು 3-4 ಗ್ರಾಂ, ಅದರಲ್ಲೂ ಬಹುಪಾಲು ಪ್ರೋಟೀನುಗಳ ಹಿಡಿತದಲ್ಲಿ. ಹಿಡಿತ ತಪ್ಪಿದ ಕಬ್ಬಿಣ ಜೀವಕೋಶದೊಳಗಿನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ, ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸುವ ಅತಿ ಚುರುಕಿನ ಕಣವನ್ನು ಹುಟ್ಟಿಸುತ್ತದೆ. ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಡಿಎನ್‌ಎಯನ್ನು ಗಾಸಿಗೊಳಿಸುತ್ತದೆ. ಹೀಮೋಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಇದಕ್ಕೆ ಸಾಕ್ಷಿ: ಕರುಳು ಮಿತಿಮೀರಿ ಹೀರಿದ ಕಬ್ಬಿಣ ವರ್ಷಗಟ್ಟಲೆ ಯಕೃತ್ತಿನಲ್ಲಿ ಶೇಖರವಾಗುತ್ತದೆ, ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವುದು) ಬರಬಹುದು, ಯಕೃತ್ತಿನ ಕ್ಯಾನ್ಸರಿನ ಅಪಾಯ ಏರುತ್ತದೆ. ಚಿಕಿತ್ಸೆಯೋ, ಅಜ್ಜನ ಕಾಲದ್ದು: ಆಗಾಗ ರಕ್ತ ತೆಗೆಯುವುದು!

ತಾಮ್ರದ ಪಾತ್ರ ಬೇರೆ. ಬೆಳೆಯುತ್ತಿರುವ ಗಡ್ಡೆ ಹೊಸ ರಕ್ತನಾಳಗಳನ್ನು ಕಟ್ಟಿಕೊಳ್ಳಲು ಅದನ್ನು ಬಳಸಿಕೊಳ್ಳುತ್ತದೆ.

ಸತುವಿನದು ತದ್ವಿರುದ್ಧ. ಕೋಶಗಳು ದಾರಿತಪ್ಪದಂತೆ ಕಾಯುವ ಪಿ53 ಪ್ರೋಟೀನ್ ಡಿಎನ್‌ಎಯನ್ನು ಹಿಡಿಯಬೇಕಾದರೆ ಅದರ ಮಡಿಲಲ್ಲಿ ಸತುವಿನ ಒಂದು ಅಯಾನು ಇರಲೇಬೇಕು. ಇಲ್ಲದಿದ್ದರೆ ಅದರ ಆಕಾರವೇ ಕೆಡುತ್ತದೆ.

ಇಷ್ಟು ಓದಿ ಗಾಬರಿಯಾಗಿ, ರಕ್ತಹೀನತೆಗೆ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಕೊರತೆ ತುಂಬುವುದು ಬೇರೆ, ಕೊರತೆಯಿಲ್ಲದೆ ನುಂಗುವುದು ಬೇರೆ.