ಮಹಡಿ ಟಿವಿಯಲ್ಲಿ ವಿಡಿಯೋ ನಿಂತು ನಿಂತು ಬರುವುದಕ್ಕೆ

ಕೆಳಗಿನ ರೌಟರ್‌ಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೀರಿ, ಮಹಡಿ ಟಿವಿಯಲ್ಲಿ ವೈಫೈ ಮೇಲೆ ಹಾಡು ಸಲೀಸಾಗಿ ಬರುತ್ತದೆ, 4ಕೆ ವಿಡಿಯೋ ಮಾತ್ರ ಗಿರಗಿರ ಸುತ್ತುತ್ತದೆ, ಅಲ್ವಾ? ಸುಮ್ನೆ ಡಿಸ್ಕ್ ಬದಲಾಯಿಸಬೇಡಿ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1.4 ಮೆಗಾಬಿಟ್ ಸಾಕು. 4ಕೆ ಬ್ಲೂ-ರೇ ಫೈಲು 60-80 ಕೇಳುತ್ತದೆ, ಒಮ್ಮೊಮ್ಮೆ 100 ದಾಟುತ್ತದೆ. 5 ಗಿಗಾಹರ್ಟ್ಸ್ ವೈಫೈಗೆ ವೇಗ ಜಾಸ್ತಿ, ಆದರೆ ಆರ್‌ಸಿಸಿ ತಾರಸಿ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

ನಮ್ಮನೆಯಲ್ಲೂ ಇದೇ ಗೋಳಿತ್ತು. ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ರಿಪೀಟರ್ ತಂದೆ, ದುಡ್ಡು ದಂಡ. ಕೊನೆಗೆ ಹಳೇ ಕೇಬಲ್ ಟಿವಿ ವೈರು ಹೋಗಿದ್ದ ತೂತಿನಲ್ಲೇ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಅವತ್ತೇ ಸರಿಹೋಯ್ತು.

ಹಾಂ, ಎಷ್ಟೋ ಟಿವಿಗಳಲ್ಲಿ ಈ ಕೇಬಲ್ ಸಿಕ್ಕಿಸುವ ಈಥರ್ನೆಟ್ ಪೋರ್ಟ್ 100 ಮೆಗಾಬಿಟ್‌ನದ್ದೇ. ಆಗಲೂ ತಡವರಿಸಿದರೆ, ಗಿಗಾಬಿಟ್ ಪೋರ್ಟ್ ಇರುವ ಪುಟ್ಟ ಆಂಡ್ರಾಯ್ಡ್ ಪೆಟ್ಟಿಗೆ ತಂದು, ವಿಡಿಯೋ ನೋಡುವ ಕೋಡಿ (Kodi) ಆ್ಯಪ್ ಹಾಕಿಕೊಳ್ಳಿ.